ಬೋಟು ಓಡಿಸೋಕೆ ಆನ್‌ಲೈನ್ ಸರ್ಟಿಫಿಕೇಟ್ ಒಂದಿದ್ರೆ ಸಾಕಾ?

ಪ್ರಶ್ನೆ: ಸರ್ ನಮಸ್ಕಾರ. ಗೊರೂರು ಡ್ಯಾಮಿನ ಹಿನ್ನೀರಿನ ಪಕ್ಕ ನಮ್ದೊಂದು ಸಣ್ಣ ಹೋಂಸ್ಟೇ ಇದೆ. ಬರೋ ಗೆಸ್ಟ್‌ಗಳು ಬೋಟಿಂಗ್ ಇದ್ಯಾ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ 14 ಅಡಿಯ ಫೈಬರ್ ಬೋಟು, 15 ಎಚ್‌ಪಿ ಔಟ್‌ಬೋರ್ಡ್ ಮೋಟಾರ್ (ಬೋಟಿನ ಹಿಂದೆ ಹೊರಗಡೆ ಸಿಕ್ಕಿಸೋದು) ಸಮೇತ ಸೆಕೆಂಡ್ ಹ್ಯಾಂಡ್ ತಗೊಂಡ್ವಿ. ಮಾರಿದವರು ಆರು ಜನ ಆರಾಮಾಗಿ ಕೂರ್ತಾರೆ ಅಂದಿದ್ದಾರೆ. ಓಡಿಸೋದು ನಮ್ಮ ಮಗ, 22 ವರ್ಷ, ಈಜು ಚೆನ್ನಾಗಿ ಬರುತ್ತೆ, ಜೀಪು ಟ್ರಾಕ್ಟರ್ ಎಲ್ಲ ಓಡಿಸ್ತಾನೆ. ಆನ್‌ಲೈನಲ್ಲಿ ವಿದೇಶದ ಒಂದು ಕೋರ್ಸ್ ಮುಗಿಸಿ ಬೋಟ್ ಆಪರೇಟರ್ ಸರ್ಟಿಫಿಕೇಟ್ ತಗೊಂಡಿದ್ದಾನೆ. ಇಷ್ಟು ಸಾಕಾ, ಇನ್ನೇನಾದ್ರೂ ಕಲೀಬೇಕಾ?

ಉತ್ತರ:

ಅಕ್ಕ, ಸುತ್ತಿ ಬಳಸಿ ಹೇಳೋದು ಬೇಡ, ಸಾಕಾಗಲ್ಲ. ಗೆಸ್ಟ್‌ನ ಕೂರಿಸ್ಕೊಂಡು ಹೋಗೋಕಂತೂ ಖಂಡಿತ ಸಾಕಾಗಲ್ಲ. ನಿಮ್ಮ ಹುಡುಗ ಕಲಿತದ್ದು ದಂಡ ಅಂತಲ್ಲ, ಆ ಕೋರ್ಸಲ್ಲಿ ಹೇಳ್ಕೊಡೋ ನಿಯಮಗಳು ಬೇಕೇ ಬೇಕು, ಆದ್ರೆ ಅದು ಅರ್ಧ ಮಾತ್ರ. ಉಳಿದರ್ಧ ನೀರಿನ ಮೇಲೆ, ಗಾಳಿ ಬೀಸ್ತಿರುವಾಗ, ಬೋಟಲ್ಲಿ ಜನ ಇರುವಾಗ, ಪಕ್ಕದಲ್ಲಿ ಗೊತ್ತಿರೋರು ಒಬ್ಬರು ಕೂತು ಅವನ ಕೈ ನೋಡ್ತಾ ಇರುವಾಗ್ಲೇ ಬರಬೇಕು.

ಮೊದಲು ಕಾನೂನಿಂದು ಮುಗಿಸ್ಬಿಡ್ತೀನಿ. 1917ರಿಂದ ಇದ್ದ ಹಳೇ ಕಾಯ್ದೆ ತೆಗೆದು ಕೇಂದ್ರ ಸರ್ಕಾರ 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ಅಂತ ಹೊಸದು ತಂದಿದೆ. ಹಡಗು ಅಂತ ಹೆಸರಿದೆ ಅಂತ ನಮಗಲ್ಲ ಅಂದ್ಕೋಬೇಡಿ, ಇಂಜಿನ್ ಹಾಕಿದ ಬೋಟು ಕೆರೆ, ನದಿ, ಜಲಾಶಯದಲ್ಲಿ ಓಡೋದಿದ್ರೆ ಸರ್ವೆ ಅಂದ್ರೆ ಬೋಟಿನ ತಪಾಸಣೆ, ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಓಡಿಸೋರಿಗೆ ಅರ್ಹತಾ ಪತ್ರ ಇದೆಲ್ಲ ಅದರೊಳಗೇ ಬರುತ್ತೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಕೇಳಬೇಕಾದ್ದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆನ, ಅದರ ಮುಖ್ಯ ಕಚೇರಿ ಕಾರವಾರದಲ್ಲಿದೆ. ಇನ್ನು ಹೇಮಾವತಿ ಜಲಾಶಯ ಕಾವೇರಿ ನೀರಾವರಿ ನಿಗಮದ ಕೈಲಿರೋದು, ಹಾಗಾಗಿ ನೀರಿಗೆ ಬೋಟು ಇಳಿಸೋಕೆ ಅವರ ಅನುಮತೀನೂ ಬೇಕು. ಪಕ್ಕದ ಜಿಲ್ಲೆಯ ಲಕ್ಕವಳ್ಳಿ ಕಡೆ ಭದ್ರಾ ಹಿನ್ನೀರಾದ್ರೆ ಹುಲಿ ಸಂರಕ್ಷಿತ ಪ್ರದೇಶ ಅಂತ ಅರಣ್ಯ ಇಲಾಖೆನೂ ಸೇರ್ಕೊಳುತ್ತೆ. "ಬೋಟಿಂಗ್ ಫ್ರೀ, ರೂಮಿಗೆ ಮಾತ್ರ ದುಡ್ಡು ತಗೋತೀವಿ" ಅಂತ ಕೆಲವರು ಹೇಳ್ತಾರೆ, ಆ ಮಾತನ್ನ ನಂಬ್ಕೊಂಡು ಕೂರ್ಬೇಡಿ, ನಿಮ್ಮಲ್ಲಿ ದುಡ್ಡು ಕೊಟ್ಟು ಉಳ್ಕೊಂಡಿರೋರು ನಿಮ್ಮ ಬೋಟು ಹತ್ತಿದ್ರೆ ಅವರ ಜೀವದ ಜವಾಬ್ದಾರಿ ನಿಮ್ದೇ. ಕಾಗದ ಪತ್ರ ಆಗೋಕೆ ಟೈಮ್ ಹಿಡಿಯುತ್ತೆ, ಆ ಟೈಮನ್ನ ಹುಡುಗನ ಟ್ರೈನಿಂಗಿಗೆ ಬಳಸ್ಕೊಳಿ, ಅಲ್ಲಿವರೆಗೂ ಗೆಸ್ಟ್ ಬೇಡ.

ಈಗ ಆ ಆನ್‌ಲೈನ್ ಸರ್ಟಿಫಿಕೇಟ್ ವಿಷಯ. ಅಮೆರಿಕದಲ್ಲಿ ಸ್ವಂತಕ್ಕೆ ಬೋಟು ಓಡಿಸೋರಿಗೆ ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಅಂತ ಇಲ್ಲ, ಒಂದೊಂದು ರಾಜ್ಯದ್ದು ಒಂದೊಂದು ನಿಯಮ, ಹೆಚ್ಚಿನ ಕಡೆ ಕೋರ್ಸ್ ಓದಿ ಪರೀಕ್ಷೆ ಬರೆದ್ರೆ ಕಾರ್ಡ್ ಕೊಡ್ತಾರೆ, ನೀರಿಗೆ ಇಳಿಸಿ ನೋಡಲ್ಲ. ಕೆನಡಾದ ಕಾರ್ಡೂ ಹಂಗೇನೇ, ಪ್ರಶ್ನೆಗಳಿಗೆ ಉತ್ತರ ಕೊಟ್ಟು ಪಾಸಾದ್ರೆ ಜೀವನಪೂರ್ತಿ ನಡೆಯುತ್ತೆ. ಜರ್ಮನಿಯವರು ಹಂಗಲ್ಲ, 15 ಎಚ್‌ಪಿಗಿಂತ ದೊಡ್ಡ ಇಂಜಿನ್ ಇದ್ರೆ ಲೈಸೆನ್ಸ್ ಬೇಕು, ಅದಕ್ಕೆ ಪರೀಕ್ಷಕರ ಮುಂದೆ ಬೋಟು ಓಡಿಸಿ ತೋರಿಸ್ಬೇಕು, ನೀರಿಗೆ ಬಿದ್ದವರನ್ನ ಎತ್ತೋದನ್ನ ಮಾಡಿ ತೋರಿಸ್ಬೇಕು, ಹಗ್ಗದ ಗಂಟು ಹಾಕಿ ತೋರಿಸ್ಬೇಕು. ಇಂಗ್ಲೆಂಡಲ್ಲಿ ಸ್ವಂತ ವಿಹಾರದ ಬೋಟಿಗೆ ಸಾಮಾನ್ಯವಾಗಿ ಲೈಸೆನ್ಸ್ ಕಡ್ಡಾಯ ಅಲ್ಲ, ಆದ್ರೂ ಅಲ್ಲಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಪವರ್‌ಬೋಟ್ ಲೆವೆಲ್ 2 ಅನ್ನೋ ಎರಡು ದಿನದ ಕೋರ್ಸನ್ನ ಜನ ತಾವಾಗೇ ಹೋಗಿ ಮಾಡ್ತಾರೆ, ಆ ಎರಡು ದಿನದಲ್ಲಿ ಹೆಚ್ಚಿನ ಹೊತ್ತು ಬೋಟಲ್ಲೇ. ನಾನು ಇಷ್ಟು ವರ್ಷ ಕಲಿಸ್ತಾ ನೋಡಿರೋ ಪ್ರಕಾರ ಜರ್ಮನಿಯವರ ದಾರಿನೇ ಸರಿ. ಅಮೆರಿಕದ ಕೋಸ್ಟ್ ಗಾರ್ಡ್ ವರ್ಷಾ ವರ್ಷ ಅಪಘಾತದ ಲೆಕ್ಕ ಹೊರಗೆ ಹಾಕುತ್ತೆ, ಇತ್ತೀಚಿನ ವರ್ಷಗಳದ್ದು ನೋಡಿದ್ರೆ ಓಡಿಸ್ತಿದ್ದವರು ತರಬೇತಿ ತಗೊಂಡಿದ್ರಾ ಇಲ್ವಾ ಅಂತ ಗೊತ್ತಾಗಿರೋ ಸಾವುಗಳಲ್ಲಿ ಹತ್ರ ಹತ್ರ ನಾಲ್ಕರಲ್ಲಿ ಮೂರು, ಯಾವ ಸುರಕ್ಷತಾ ತರಬೇತಿನೂ ಇಲ್ಲದೋರ ಬೋಟಿನಲ್ಲಿ ಆಗಿರೋವು. ಅಂದ್ರೆ ಓದಿದ ಕೋರ್ಸಿಗೂ ಬೆಲೆ ಇದೆ, ಅದನ್ನ ನಾನು ತೆಗೆದು ಹಾಕಲ್ಲ.

ಸರಿ, ನೀರಿಗೆ ಬರೋಣ.

ನಿಮ್ಮ ಹುಡುಗ ಜೀಪು ಟ್ರಾಕ್ಟರ್ ಓಡಿಸ್ತಾನೆ ಅಂದ್ರಲ್ಲ, ಮೊದಲ ತೊಂದರೆ ಅಲ್ಲೇ ಶುರುವಾಗೋದು. 15 ಎಚ್‌ಪಿ ಮೋಟಾರಿಗೆ ಸಾಮಾನ್ಯವಾಗಿ ಸ್ಟೀರಿಂಗ್ ಇರಲ್ಲ, ಹಿಂದೆ ಕೂತು ಕೈಯಲ್ಲಿ ಹಿಡಿಯೋ ಟಿಲ್ಲರ್ ಇರುತ್ತೆ. ಟಿಲ್ಲರನ್ನ ಬಲಕ್ಕೆ ತಳ್ಳಿದ್ರೆ ಬೋಟಿನ ಮೂತಿ ಎಡಕ್ಕೆ ಹೋಗುತ್ತೆ. ಇದನ್ನ ಬಾಯಲ್ಲಿ ಹೇಳಿದ್ರೆ ಎರಡು ನಿಮಿಷದಲ್ಲಿ ಅರ್ಥ ಆಗುತ್ತೆ, ಆದ್ರೆ ಎದುರಿಗೆ ದಿಢೀರಂತ ಒಂದು ತೆಪ್ಪ ಬಂದಾಗ ಗಾಡಿ ಓಡಿಸಿ ಪಳಗಿದ ಕೈ ಯೋಚನೆ ಮಾಡೋಕೆ ನಿಲ್ಲಲ್ಲ, ಎಡಕ್ಕೆ ಹೋಗಬೇಕು ಅಂದ್ರೆ ಎಡಕ್ಕೇ ಎಳೆಯುತ್ತೆ, ಬೋಟು ಸೀದಾ ತೆಪ್ಪದ ಮೇಲೆ. ಡ್ರೈವಿಂಗಲ್ಲಿ ಚುರುಕಾಗಿರೋ ಹುಡುಗ್ರೇ ಇದರಲ್ಲಿ ಜಾಸ್ತಿ ಎಡವೋದು, ಯಾಕಂದ್ರೆ ಅವರ ಕೈ ಸ್ಪೀಡು. ಇದಕ್ಕೆ ಔಷಧಿ ಒಂದೇ, ಖಾಲಿ ನೀರಲ್ಲಿ ಎರಡು ಬೆಂಡು ತೇಲಿಬಿಟ್ಟು, ಅದರ ಸುತ್ತ ಎಂಟರ ಆಕಾರದಲ್ಲಿ ನಿಧಾನಕ್ಕೆ ಸುತ್ತಿ ಸುತ್ತಿ, ಕೈಗೆ ಹೊಸ ಅಭ್ಯಾಸ ಕೂರೋ ತನಕ ಮಾಡ್ಸೋದು.

ಎರಡನೇದು, ಬೋಟಿಗೆ ಬ್ರೇಕ್ ಇಲ್ಲ. ಹಂಗೇ ಔಟ್‌ಬೋರ್ಡ್ ಬೋಟಲ್ಲಿ ದಿಕ್ಕು ಬದಲಾಗೋದು ಪ್ರೊಪೆಲ್ಲರ್ ನೀರು ತಳ್ಳೋದ್ರಿಂದ, ಗಾಬರಿಯಲ್ಲಿ ಥ್ರಾಟಲ್ (ಗಾಡಿಯ ಆಕ್ಸಿಲರೇಟರ್ ಇದ್ದಂಗೆ) ಪೂರ್ತಿ ಬಿಟ್ಟು ನ್ಯೂಟ್ರಲ್ ಮಾಡ್ಬಿಟ್ರೆ ಟಿಲ್ಲರ್ ಎತ್ತ ತಿರುಗಿಸಿದ್ರೂ ಹೆಚ್ಚು ಉಪಯೋಗ ಇಲ್ಲ, ಬೋಟು ತಾನು ಹೋಗ್ತಿದ್ದ ಕಡೆಗೇ ಜಾರ್ಕೊಂಡು ಹೋಗುತ್ತೆ. ತಿರುಗೋದೂ ಗಾಡಿ ಥರ ಮುಂದಿನಿಂದ ಅಲ್ಲ, ಹಿಂಭಾಗ ಆಚೆಗೆ ಬೀಸುತ್ತೆ. ಜೆಟ್ಟಿಯಿಂದ ಹೊರಡುವಾಗ ಮೂತಿ ಒಂದೇ ನೋಡ್ಕೊಂಡು ತಿರುಗಿಸಿದ್ರೆ ಹಿಂಭಾಗ ಬಂದು ಜೆಟ್ಟಿಗೆ ಬಡಿಯುತ್ತೆ, ಅಲ್ಲಿ ಯಾರಾದ್ರೂ ಕೈ ಅಡ್ಡ ಇಟ್ಟಿದ್ರೆ ಬೆರಳು ಹೋಯ್ತು ಅಂತಲೇ ಲೆಕ್ಕ. ಗೆಸ್ಟ್‌ಗಳು ಸಹಾಯ ಮಾಡೋಣ ಅಂತ ಕೈಕಾಲು ಹೊರಗೆ ಚಾಚ್ತಾರೆ, ಪಾಪ ಒಳ್ಳೇ ಮನಸ್ಸಿಂದಲೇ. ಹೊರಡೋಕೆ ಮುಂಚೆನೇ "ಕೈ ಒಳಗಿರ್ಲಿ" ಅಂತ ಹೇಳೋದು ಓಡಿಸೋನ ಕೆಲಸ, ಅದನ್ನೂ ನಾನು ಪರೀಕ್ಷೆಯಲ್ಲಿ ನೋಡ್ತೀನಿ.

ಜೆಟ್ಟಿಗೆ ತಂದು ನಿಲ್ಸೋದು ಇದೆಯಲ್ಲ ಅಕ್ಕ, ಒಬ್ಬನ ಕೈ ಪಳಗಿದೆಯಾ ಇಲ್ವಾ ಅಂತ ಅದರಲ್ಲಿ ಐದು ನಿಮಿಷಕ್ಕೆ ಗೊತ್ತಾಗುತ್ತೆ. ನೆಟ್ಟಗೆ ಜೋರಾಗಿ ಓಡ್ಸೋದು ಯಾರಿಗಾದ್ರೂ ಬರುತ್ತೆ. ಜೆಟ್ಟಿಗೆ ಬರುವಾಗ ಮಾಡಬೇಕಾದ್ದು ಹೀಗೆ. ದೂರದಲ್ಲೇ ವೇಗ ಪೂರ್ತಿ ಇಳಿಸಿ ಗಾಳಿ ಯಾವ ಕಡೆಯಿಂದ ಬರ್ತಿದೆ ನೋಡು, ದಡದ ಹುಲ್ಲು, ನೀರಿನ ಮೇಲಿನ ಸಣ್ಣ ಅಲೆ, ಕಟ್ಟಿರೋ ಬಟ್ಟೆ ಏನಾದ್ರೂ. ಆದಷ್ಟೂ ಗಾಳಿಗೆ ಎದುರಾಗಿ ಬಾ, ಆಗ ಗಾಳಿನೇ ನಿನ್ನ ಬ್ರೇಕು. ಸುಮಾರು 30 ಡಿಗ್ರಿ ಓರೆಯಲ್ಲಿ ಮೂತಿಯನ್ನ ಜೆಟ್ಟಿ ಕಡೆ ಇಡು, ಗೇರ್ ಹಾಕು, ತೆಗಿ, ಹಾಕು, ತೆಗಿ, ಥ್ರಾಟಲ್ ಮುಟ್ಟಲೇಬೇಡ. ಒಂದು ಬೋಟಿನ ಉದ್ದ ದೂರ ಇರುವಾಗ ಮೂತಿಯನ್ನ ಜೆಟ್ಟಿಯಿಂದ ಆಚೆ ತಿರುಗಿಸು, ಹಿಂಭಾಗ ತಾನೇ ಜೆಟ್ಟಿ ಕಡೆ ಬರುತ್ತೆ, ಆಮೇಲೆ ಟಿಲ್ಲರನ್ನ ಜೆಟ್ಟಿಯಿಂದ ಆಚೆ ಕಡೆಗೆ ತಳ್ಳಿ ಹಿಡ್ಕೊಂಡು ಒಂದೇ ಒಂದು ಸಲ ರಿವರ್ಸ್ ಚೂರು ಕೊಡು, ನಿಂತ್ಕೊಳುತ್ತೆ. ಟಿಲ್ಲರ್ ಎತ್ತ ಹಿಡಿದ್ರೆ ರಿವರ್ಸಲ್ಲಿ ಬೋಟಿನ ಬಾಲ ಎತ್ತ ಹೋಗುತ್ತೆ ಅನ್ನೋದನ್ನ ಮೊದಲು ಖಾಲಿ ನೀರಲ್ಲಿ ಮಾಡಿ ನೋಡ್ಕೊಂಡಿರ್ಬೇಕು, ಜೆಟ್ಟಿ ಹತ್ರ ಬಂದು ಹುಡುಕೋದಲ್ಲ. ಆಮೇಲೆ ಹಗ್ಗ ಕಟ್ಟಿ, ಇಂಜಿನ್ ಆಫ್ ಮಾಡಿ, ಆಮೇಲೆ ಜನ ಇಳೀಬೇಕು, ಇದೇ ಕ್ರಮದಲ್ಲಿ. ಯಾರೂ ಹಾರೋ ಹಂಗಿಲ್ಲ. ಇದನ್ನ ಎಡಗಡೆ ತಾಗೋ ಹಂಗೆ, ಬಲಗಡೆ ತಾಗೋ ಹಂಗೆ, ಗಾಳಿ ಎದುರಿದ್ದಾಗ, ಗಾಳಿ ಜೆಟ್ಟಿಯಿಂದ ದೂರ ತಳ್ತಿರುವಾಗ, ಹಿಂಗೆ ಬೇರೆ ಬೇರೆ ಥರ ಮಾಡಿಸ್ಬೇಕು. ಮೂರು ಸಲ ಸರಿಯಾಗಿ ಬರ್ಲಿಲ್ಲ ಅಂದ್ರೆ ಪರ್ವಾಗಿಲ್ಲ, ಆದ್ರೆ ಸರಿ ಬರ್ತಿಲ್ಲ ಅಂತ ಗೊತ್ತಾದ ತಕ್ಷಣ ಬಿಟ್ಟು ಹೊರಗೆ ಹೋಗಿ ಸುತ್ತು ಹಾಕ್ಕೊಂಡು ಬರ್ತಾನಾ, ಇಲ್ಲ ಹಟ ಮಾಡಿ ಅಲ್ಲೇ ಥ್ರಾಟಲ್ ತಿರುವ್ತಾನಾ ಅನ್ನೋದು ನಂಗೆ ಮುಖ್ಯ. ಹಟ ಮಾಡೋನಿಗೆ ನಾನು ಸಹಿ ಹಾಕಲ್ಲ.

ನೀರಿಗೆ ಬಿದ್ದವರನ್ನ ಎತ್ತೋದು. ಇದನ್ನ ಒಂದು ಹಳೇ ಲೈಫ್ ಜಾಕೆಟಿಗೆ ನೀರು ತುಂಬಿದ ಕ್ಯಾನ್ ಕಟ್ಟಿ ಮಾಡಿಸ್ತೀನಿ, ಯಾವಾಗ ಎಸೀತೀನಿ ಅಂತ ಹೇಳಲ್ಲ, ಅವನು ಏನೋ ಮಾತಾಡ್ತಿರುವಾಗ ತೆಗೆದು ಹಿಂದಕ್ಕೆ ಎಸೆದುಬಿಡ್ತೀನಿ. ಮೊದಲ ಸಲ ಬಹುತೇಕ ಎಲ್ಲರೂ ಮಾಡೋದು ಒಂದೇ, ಹಿಂದಕ್ಕೆ ತಿರುಗಿ ಜೋರಾಗಿ ಅದರ ಕಡೆಗೇ ಬೋಟು ನುಗ್ಸೋದು. ಅಲ್ಲಿರೋದು ಕ್ಯಾನ್ ಅಲ್ಲ ಒಂದು ಮಗು ಅಂದ್ಕೊಳಿ. 3000 ಆರ್‌ಪಿಎಂನಲ್ಲಿ ಇಂಜಿನ್ ತಿರುಗ್ತಿದ್ರೆ, ಗೇರಲ್ಲಿ ಅರ್ಧ ಆದ್ರೂ ಪ್ರೊಪೆಲ್ಲರ್ ಒಂದು ಸೆಕೆಂಡಿಗೆ 25 ಸುತ್ತು ತಿರುಗುತ್ತೆ, ಅದರ ಹತ್ರ ಮನುಷ್ಯರ ಮೈ ಬಂದ್ರೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ. ಸರಿಯಾದ ಕ್ರಮ ಏನಂದ್ರೆ, ಬಿದ್ದ ಕ್ಷಣಕ್ಕೆ ನ್ಯೂಟ್ರಲ್, "ಆಳು ನೀರಲ್ಲಿ" ಅಂತ ಕೂಗು, ತೇಲೋದು ಏನಾದ್ರೂ ಅವರ ಕಡೆ ಎಸಿ, ಬೋಟಲ್ಲಿರೋ ಒಬ್ಬರನ್ನ ಬರೀ ಬೆರಳು ತೋರಿಸ್ತಾ ಅವರನ್ನೇ ನೋಡ್ತಿರೋಕೆ ಕೂರಿಸು, ಅವರು ಬೇರೆ ಏನೂ ಮಾಡೋ ಹಂಗಿಲ್ಲ, ಯಾಕಂದ್ರೆ ಅಲೆ ಇದ್ದಾಗ ನೀರಲ್ಲಿರೋ ತಲೆ ಒಂದ್ಸಲ ಕಣ್ಣು ತಪ್ಪಿದ್ರೆ ಮತ್ತೆ ಸಿಗೋದು ಕಷ್ಟ. ಆಮೇಲೆ ದೂರದಿಂದ ಸುತ್ತು ಹಾಕಿ, ಗಾಳಿಗೆ ಎದುರಾಗಿ ನಡಿಗೆಯ ವೇಗದಲ್ಲಿ ಅವರ ಪಕ್ಕಕ್ಕೆ ಬಾ, ಕೈಗೆ ಸಿಗೋ ದೂರ ಬಂದಾಗ ನ್ಯೂಟ್ರಲ್ ಅಲ್ಲ, ಇಂಜಿನ್ನೇ ಆಫ್. ಎತ್ತೋದು ಬೋಟಿನ ಮಧ್ಯದ ಬದಿಯಿಂದ, ಮೋಟಾರ್ ಹತ್ರದಿಂದ ಅಲ್ಲ. ಒಂದು ಕಡೆಯಿಂದ ಇಬ್ಬರು ಎಳೆಯುವಾಗ ಉಳಿದವರು ಆಚೆ ಬದಿಗೆ ಕೂತು ಬ್ಯಾಲೆನ್ಸ್ ಕೊಡಬೇಕು, ಇಲ್ಲಾಂದ್ರೆ ಒಬ್ಬರನ್ನ ಎತ್ತೋಕೆ ಹೋಗಿ ಎಲ್ಲರೂ ನೀರಲ್ಲಿ. ಒದ್ದೆ ಬಟ್ಟೆಯ ದೊಡ್ಡ ಆಳನ್ನ ಬರೀ ತೋಳ್ಬಲದಲ್ಲಿ ಎತ್ತೋಕಾಗಲ್ಲ, ಒಂದು ಹಗ್ಗದಲ್ಲಿ ಕಾಲಿಡೋಕೆ ಕುಣಿಕೆ ಮಾಡಿ ಬೋಟಿಗೆ ಕಟ್ಟಿಟ್ಟಿರಿ, ಅದರಲ್ಲಿ ಕಾಲಿಟ್ಟು ಅವರೇ ಹತ್ತಬಹುದು. ಈಜು ಬರುತ್ತೆ ಅಂತ ನಿಮ್ಮ ಹುಡುಗ ತಾನೇ ಧುಮುಕ್ಬಿಟ್ರೆ ಬೋಟಲ್ಲಿ ಉಳಿದವರನ್ನ ದಡ ಸೇರ್ಸೋರು ಯಾರು? ಅವನ ಈಜು ಅವನಿಗೆ ಒಳ್ಳೇದು, ಆದ್ರೆ ಓಡಿಸೋನು ಬೋಟು ಬಿಡೋ ಹಂಗಿಲ್ಲ.

ಹಂಗಾದ್ರೆ ಓಡಿಸೋನೇ ಬಿದ್ರೆ? ಅದಕ್ಕೇ ಕಿಲ್ ಸ್ವಿಚ್ಚಿನ ದಾರ. ಕೆಂಪು ಸುರುಳಿ ದಾರ ಒಂದು ನಿಮ್ಮ ಮೋಟಾರಲ್ಲಿ ನೇತಾಡ್ತಿರಬಹುದು, ಸೆಕೆಂಡ್ ಹ್ಯಾಂಡ್ ಅಂದ್ರಲ್ಲ, ಕಳೆದೂ ಹೋಗಿರಬಹುದು, ಮೊದಲು ಅದನ್ನ ನೋಡಿ. ಅದನ್ನ ಮೊಣಕಾಲಿಗೋ ಲೈಫ್ ಜಾಕೆಟಿಗೋ ಸಿಕ್ಕಿಸ್ಕೊಂಡ್ರೆ ಓಡಿಸೋನು ಬಿದ್ದ ತಕ್ಷಣ ಕಿತ್ತು ಇಂಜಿನ್ ನಿಲ್ಲುತ್ತೆ. ಟಿಲ್ಲರ್ ಬಿಟ್ಟ ಮೋಟಾರ್ ತಾನೇ ಒಂದು ಕಡೆ ತಿರುಗಿ ಬೋಟು ಗುಂಡಗೆ ಸುತ್ತೋಕೆ ಶುರು ಮಾಡುತ್ತೆ, ಸುತ್ತಿ ಬಂದು ಬಿದ್ದವನ ಮೇಲೇ ಹಾಯುತ್ತೆ, ಎಷ್ಟೋ ಸಾವು ಹಿಂಗೇ ಆಗಿರೋದು. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ಬೋಟು ವೇಗವಾಗಿ ಓಡಿಸುವಾಗ ಇದನ್ನ ಸಿಕ್ಕಿಸ್ಕೊಳೋದನ್ನೇ ಕಾನೂನು ಮಾಡಿದ್ದಾರೆ. ನಮ್ಮ ಕಡೆ ಇದನ್ನ ಮೋಟಾರಿಗೇ ಪರ್ಮನೆಂಟಾಗಿ ಸುತ್ತಿಟ್ಟಿರೋದನ್ನ ಎಷ್ಟು ಕಡೆ ನೋಡ್ತೀನೋ, ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಈಗ ಆ ಆರು ಜನ. ಎಷ್ಟು ಜನ, ಎಷ್ಟು ಭಾರ ಅಂತ ತಯಾರಿಸಿದವರೇ ಬರೆದಿರೋ ಕೆಪಾಸಿಟಿ ಪ್ಲೇಟ್ ಬೋಟಲ್ಲಿ ಇದ್ರೆ ಅದೇ ಕೊನೆ ಮಾತು. ಇಲ್ಲಾಂದ್ರೆ 20 ಅಡಿಗಿಂತ ಚಿಕ್ಕ ಬೋಟಿಗೆ ಒಂದು ಸುಲಭದ ಲೆಕ್ಕ ಇದೆ, ಉದ್ದ ಅಗಲ ಎರಡನ್ನೂ ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸಿ. ನಿಮ್ಮದು 14 ಅಡಿ ಉದ್ದ, ಅಗಲ 5 ಅಡಿ ಇರಬಹುದು ಅಂತಿಟ್ಕೊಂಡ್ರೆ 70, ಅದನ್ನ 15ರಿಂದ ಭಾಗಿಸಿದ್ರೆ ನಾಲ್ಕೂವರೆ ಚಿಲ್ಲರೆ. ಅಂದ್ರೆ ನಾಲ್ಕು ಜನ, ಓಡಿಸೋನೂ ಸೇರಿ. ಅದೂ ನೀರು ಶಾಂತವಾಗಿದ್ದಾಗ. ಮಾರಿದವರು ಹೇಳಿದ ಆರನ್ನ ಮರೆತುಬಿಡಿ. ಕೇರಳದ ತಾನೂರಲ್ಲಿ 2023ರ ಮೇ 7ಕ್ಕೆ 22 ಜನ ಸತ್ತರು, ಮಿತಿ ಮೀರಿ ತುಂಬಿದ್ದ ಬೋಟು. ವಡೋದರದ ಹರಣಿ ಕೆರೆಯಲ್ಲಿ 2024ರ ಜನವರಿ 18ಕ್ಕೆ ಸ್ಕೂಲ್ ಟ್ರಿಪ್ಪಿಗೆ ಬಂದಿದ್ದ ಮಕ್ಕಳು, ಟೀಚರ್‌ಗಳು ಸೇರಿ 14 ಜನ. ಇವೆರಡೂ ದೊಡ್ಡ ನದಿ ಸಮುದ್ರದ ಬಿರುಗಾಳಿಯಲ್ಲಿ ಆಗಿದ್ದಲ್ಲ, ಜನ ಸಂಜೆ ಹೊತ್ತು ಖುಷಿಯಾಗಿರೋಕೆ ಅಂತ ಬಂದ ಜಾಗದಲ್ಲಿ ಆಗಿದ್ದು.

ಇನ್ನೊಂದು ಅಂದ್ರೆ ಕೇರಳದ ತೇಕ್ಕಡಿ. 2009ರ ಸೆಪ್ಟೆಂಬರ್ 30, ಸತ್ತವರು 45 ಜನ. ದಡದಲ್ಲಿ ಕಾಡುಪ್ರಾಣಿ ಕಾಣಿಸ್ತು ಅಂತ ಜನ ಎದ್ದು ಒಂದೇ ಬದಿಗೆ ಸರಿದ್ರು, ಬೋಟು ಮಗುಚಿತು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ ನಿಮ್ಮ ಗೆಸ್ಟ್‌ಗಳೂ ಅದನ್ನೇ ಮಾಡ್ತಾರೆ. ಶೆಟ್ಟಿಹಳ್ಳಿ ಚರ್ಚು ಕಂಡ ತಕ್ಷಣ ಎಲ್ಲರ ಕೈಲೂ ಫೋನು, ಎಲ್ಲರೂ ಎದ್ದು ಒಂದೇ ಕಡೆ. ಭದ್ರಾದಲ್ಲಾದ್ರೆ ಆನೆ. ಹಾಗಾಗಿ ಪರೀಕ್ಷೆಯಲ್ಲಿ ನಾನು ಬೋಟಲ್ಲಿ ಕೂರಿಸಿರೋ ಇಬ್ಬರಿಗೆ ಗುಟ್ಟಾಗಿ ಹೇಳಿರ್ತೀನಿ, ಮಧ್ಯದಲ್ಲಿ ಎದ್ದು ನಿಂತು ಫೋಟೋ ತೆಗೀರಿ ಅಂತ. ಓಡಿಸೋ ಹುಡುಗ ಆಗ ವೇಗ ಇಳಿಸಿ "ಕೂತ್ಕೊಳಿ ಸಾರ್, ನಾನೇ ಬೋಟು ತಿರುಗಿಸಿ ಎಲ್ಲರಿಗೂ ತೋರಿಸ್ತೀನಿ" ಅಂತ ಗಟ್ಟಿಯಾಗಿ ಹೇಳ್ಬೇಕು. ನಮ್ಮ ಕಡೆ ಹುಡುಗ್ರಿಗೆ ದೊಡ್ಡವರಿಗೆ, ದುಡ್ಡು ಕೊಟ್ಟು ಬಂದವರಿಗೆ ಹಿಂಗೆ ಹೇಳೋಕೆ ಸಂಕೋಚ. ಟಿಲ್ಲರ್ ಹಿಡಿಯೋದಕ್ಕಿಂತ ಇದನ್ನ ಕಲಿಸೋಕೇ ಕೆಲವು ಸಲ ಜಾಸ್ತಿ ಟೈಮ್ ಹಿಡಿಯುತ್ತೆ ಅಕ್ಕ, ಬೋಟಲ್ಲಿ ಅವನೇ ಯಜಮಾನ ಅನ್ನೋದನ್ನ ನೀವು ಮನೆಯವರೂ ಅವನಿಗೆ ಹೇಳಿ, ಗೆಸ್ಟ್ ಬೇಜಾರಾದ್ರೂ ಪರ್ವಾಗಿಲ್ಲ ಅಂತ ಧೈರ್ಯ ಕೊಡಿ.

ನಿಮ್ಮ ನೀರಿನ ವಿಷಯಕ್ಕೆ ಬರ್ತೀನಿ, ಇದು ಯಾವ ವಿದೇಶಿ ಕೋರ್ಸಲ್ಲೂ ಸಿಗಲ್ಲ. ಹೇಮಾವತಿ ಜಲಾಶಯ ತುಂಬಿದಾಗ ಸಮುದ್ರ ಮಟ್ಟದಿಂದ 2922 ಅಡಿ. ಈ ಎತ್ತರದಲ್ಲಿ ಗಾಳಿ ತೆಳು, ಸಾದಾ ಪೆಟ್ರೋಲ್ ಇಂಜಿನ್ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಳ್ಕೊಳುತ್ತೆ, ಅಂದ್ರೆ ನಿಮ್ಮ 15 ಎಚ್‌ಪಿ ಇಲ್ಲಿ ಹದಿಮೂರೂವರೆ ಹದಿನಾಲ್ಕರ ಆಸುಪಾಸು. ಇಬ್ಬರಿದ್ದಾಗ ಮೂತಿ ಇಳಿಸಿ ನೀರಿನ ಮೇಲೆ ಹಗುರಾಗಿ ಓಡೋ ಬೋಟು ನಾಲ್ಕು ಜನ ಕೂತಾಗ ಮೂತಿ ಎತ್ಕೊಂಡು ತೆವಳುತ್ತೆ, ಎದುರಿಗೆ ಏನೂ ಕಾಣಲ್ಲ, ಪೆಟ್ರೋಲು ಕುಡಿಯುತ್ತೆ. ಆಗ ಇನ್ನೂ ಥ್ರಾಟಲ್ ಕೊಡೋದಲ್ಲ, ಇಳಿಸಿ ನಿಧಾನಕ್ಕೆ ಹೋಗೋದು, ಭಾರ ಮುಂದೆ ಸರಿಸೋದು. ಹೋಗೋಕೆ ಮೂರರಲ್ಲಿ ಒಂದು ಪಾಲು ಪೆಟ್ರೋಲು, ಬರೋಕೆ ಒಂದು ಪಾಲು, ಒಂದು ಪಾಲು ಮುಟ್ಟೋ ಹಂಗಿಲ್ಲ, ಈ ಲೆಕ್ಕ ಇಟ್ಕೊಳ್ಳಲಿ.

ನೀರೊಳಗಿನ ಬೊಡ್ಡೆಗಳು ಇನ್ನೊಂದು. ಡ್ಯಾಮ್ ಕಟ್ಟಿದಾಗ ಮುಳುಗಿದ ಊರು, ತೋಟ, ಮರ ಎಲ್ಲ ಕೆಳಗಿವೆ. ಮಳೆಗಾಲ ಮುಗಿದು ಜಲಾಶಯ ತುಂಬಿದಾಗ ಎಲ್ಲ ಆಳದಲ್ಲಿ, ಬೇಸಿಗೆಯಲ್ಲಿ ನೀರು ಪೂರ್ತಿ ಇಳಿದಾಗ ಕಣ್ಣಿಗೇ ಕಾಣುತ್ತೆ, ಅಪಾಯ ಇರೋದು ನಡುವೆ, ಜನವರಿ ಫೆಬ್ರವರಿಯಲ್ಲಿ, ನೀರಿನ ಮಟ್ಟ ಬೊಡ್ಡೆ ತಲೆಗಿಂತ ಒಂದಡಿ ಮೇಲೆ ಇರುವಾಗ. ಅದಕ್ಕೆ ಒಂದು ಕೆಲಸ ಮಾಡಿ, ಏಪ್ರಿಲ್ ಮೇನಲ್ಲಿ ನೀರು ಇಳಿದಾಗ ಹುಡುಗನ್ನ ಕರ್ಕೊಂಡು ನೀವು ಬೋಟು ಓಡಿಸೋ ದಾರಿಯಲ್ಲಿ ಕಾಲ್ನಡಿಗೆಯಲ್ಲೇ ಹೋಗಿ, ಬೊಡ್ಡೆ, ಕಲ್ಲು, ಹಳೇ ಗೋಡೆ ಇರೋ ಕಡೆಯೆಲ್ಲ ಫೋನಿನ ಮ್ಯಾಪಲ್ಲಿ ಪಿನ್ ಹಾಕ್ಕೊಳಿ, ಅಲ್ಲಿನ ಕೆಸರಿನ ಆಳ ಗೊತ್ತಿರೋ ಸ್ಥಳೀಯರನ್ನ ಜೊತೆಗೆ ಕರ್ಕೊಳಿ. ಮೀನು ಹಿಡಿಯೋರನ್ನ ಮಾತಾಡ್ಸಿ, ಯಾವ ಕಡೆ ಬಲೆ ಬಿಟ್ಟಿರ್ತಾರೆ, ಬೆಂಡು ಹೆಂಗಿರುತ್ತೆ ಅಂತ ಅವರ ಬಾಯಲ್ಲೇ ಕೇಳಿ. ಬಲೆ ಪ್ರೊಪೆಲ್ಲರಿಗೆ ಸುತ್ಕೊಂಡ್ರೆ ನಿಮ್ಮ ಬೋಟೂ ನಿಂತ್ಕೊಳುತ್ತೆ, ಅವರ ಅನ್ನಾನೂ ಹೋಗುತ್ತೆ. ತೆಪ್ಪ ಕಂಡ್ರೆ ದೂರದಲ್ಲೇ ವೇಗ ಇಳಿಸ್ಬೇಕು, ನಮ್ಮ ಬೋಟಿನ ಅಲೆಗೇ ತೆಪ್ಪ ಮಗುಚಬಹುದು.

ಹವಾಮಾನ ಚಿಕ್ಕದಾಗಿ ಹೇಳ್ತೀನಿ. ಏಪ್ರಿಲ್ ಮೇ ಮಧ್ಯಾಹ್ನದ ಮೇಲೆ ಗುಡುಗು ಮಳೆ ಏಳೋದು ಗೊತ್ತೇ ಇದೆ, ಬಯಲು ನೀರಿನ ಮಧ್ಯೆ ಬೋಟಲ್ಲಿ ಕೂತಿರೋ ಮನುಷ್ಯನೇ ಎಲ್ಲಕ್ಕಿಂತ ಎತ್ತರ. ಮಿಂಚಿದ ಮೇಲೆ 30 ಸೆಕೆಂಡ್ ಒಳಗೆ ಗುಡುಗು ಕೇಳಿದ್ರೆ ಆಗಲೇ ಅಪಾಯದ ದೂರ, ನಿಜ ಹೇಳ್ಬೇಕಂದ್ರೆ ಮೋಡ ಕಪ್ಪಾದಾಗ್ಲೇ ದಡಕ್ಕೆ ಬಂದಿರ್ಬೇಕು. ಕೊನೇ ಗುಡುಗಿನ ಮೇಲೆ ಅರ್ಧ ಗಂಟೆ ನೀರಿಗೆ ಇಳಿಯಂಗಿಲ್ಲ. ಡಿಸೆಂಬರ್ ಬೆಳಗಿನ ಮಂಜಲ್ಲೂ ಬೇಡ, ಕತ್ತಲಾದ ಮೇಲಂತೂ ಬೇಡವೇ ಬೇಡ.

ಎದುರು ಬೋಟು ಬಂದ್ರೆ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು, ಅಡ್ಡ ಬರ್ತಿದ್ರೆ ನಮ್ಮ ಬಲಗಡೆಯಿಂದ ಬರ್ತಿರೋರಿಗೆ ನಾವು ದಾರಿ ಬಿಡಬೇಕು, ಹಿಂದೆ ಹಾಕೋನು ಮುಂದಿನವರಿಂದ ದೂರ ಇರ್ಬೇಕು. ಇದನ್ನ ನಿಮ್ಮ ಹುಡುಗ ಕೋರ್ಸಲ್ಲಿ ಓದಿರ್ತಾನೆ, ರಸ್ತೆಯಲ್ಲಿ ಎಡಕ್ಕೆ ಹೋಗಿ ಅಭ್ಯಾಸ ಆಗಿರೋ ನಮಗೆ ಇದೂ ನೀರಲ್ಲಿ ಮಾಡಿಯೇ ಕೂರಬೇಕಾದ್ದು.

ಎಲ್ಲಿ ಕಲೀಬೇಕು ಅಂತ ಕೇಳ್ತೀರಿ. ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಅಲ್ಲಿ ಪವರ್‌ಬೋಟ್ ಓಡಿಸೋದಕ್ಕೂ ಜೀವರಕ್ಷಣೆಗೂ ಕೋರ್ಸ್‌ಗಳಿವೆ, ಪ್ರವಾಸಿಗರನ್ನ ಕರ್ಕೊಂಡು ಹೋಗೋ ಕೆಲಸ ಮಾಡೋರಿಗೇ ಅಂತ ಮಾಡಿರೋವು, ನಾನಾದ್ರೆ ಅಲ್ಲಿಗೇ ಕಳಿಸ್ತೀನಿ. ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯವರೂ ಜಲಸಾಹಸದ ತರಬೇತಿ ಕೊಡ್ತಾರೆ, ಈಗ ಯಾವ ಬ್ಯಾಚ್ ಇದೆ ಅಂತ ಕೇಳಿ. ಹೋಗೋಕೆ ಮುಂಚೆ ಬಂದರು ಇಲಾಖೆಯವರ ಹತ್ರ ಯಾವ ಸರ್ಟಿಫಿಕೇಟ್ ನಿಮ್ಮ ಬೋಟಿಗೆ, ನಿಮ್ಮ ಕೆಲಸಕ್ಕೆ ನಡೆಯುತ್ತೆ ಅಂತ ಬರವಣಿಗೆಯಲ್ಲೇ ತಗೊಳಿ, ಆಮೇಲೆ ಫೀಸ್ ಕಟ್ಟಿ. ಯಾವುದೇ ಕೋರ್ಸ್ ಆಗ್ಲಿ ಮೂರು ಪ್ರಶ್ನೆ ಕೇಳಿ: ಒಂದು ಬೋಟಿಗೆ ಎಷ್ಟು ಜನ ಕಲಿಯೋರು, ಮೂರು ನಾಲ್ಕಕ್ಕಿಂತ ಜಾಸ್ತಿ ಇದ್ರೆ ಟಿಲ್ಲರ್ ಕೈಗೆ ಸಿಗೋದೇ ಕಮ್ಮಿ. ಕಲಿಸಿದವರೇ ಪರೀಕ್ಷೆ ಮಾಡ್ತಾರಾ ಇಲ್ಲ ಬೇರೆಯವರಾ, ಬೇರೆಯವರಾದ್ರೆ ಒಳ್ಳೇದು, ಕಲಿಸಿದವರಿಗೆ ಹುಡುಗನ ಮೇಲೆ ಪ್ರೀತಿ ಬಂದಿರುತ್ತೆ. ಫೇಲ್ ಮಾಡ್ತಾರಾ? ಯಾರನ್ನೂ ಫೇಲ್ ಮಾಡದಿರೋ ಕಡೆ ಹೋಗ್ಬೇಡಿ.

ಗೋವಾದಿಂದ ಬಂದ ಮೇಲೆ ಸೀದಾ ಗೆಸ್ಟ್ ಹತ್ತಿಸ್ಬೇಡಿ. ಮೊದಲು ಗೊತ್ತಿರೋರ ಜೊತೆ ನಿಮ್ಮದೇ ಬೋಟಲ್ಲಿ ನಿಮ್ಮದೇ ನೀರಲ್ಲಿ, ಆಮೇಲೆ ಒಬ್ಬನೇ, ಆಮೇಲೆ ಮನೆಯವರು ಕೂತು, ಆಮೇಲೆ ಜಾಸ್ತಿ ಭಾರ ಹಾಕಿ ಗಾಳಿ ಇರೋ ದಿನ. ಒಂದು ಪುಸ್ತಕ ಇಡಿ, ತಾರೀಕು, ಗಾಳಿ ಹೆಂಗಿತ್ತು, ಎಷ್ಟು ಜನ, ಏನು ಮಾಡಿದ, ಯಾವುದು ಸರಿ ಬರಲಿಲ್ಲ, ಜೊತೆಗಿದ್ದವರ ಸಹಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಬೋಟು ಮತ್ತೆ ನೀರಿಗಿಳಿಸುವಾಗ, ಜೆಟ್ಟಿಗೆ ನಿಲ್ಸೋದು ಮತ್ತೆ ಆಳು ಎತ್ತೋದು ಇವೆರಡನ್ನ ಮತ್ತೆ ಮಾಡಿಸಿ ನೋಡಿ, ನಾಲ್ಕು ತಿಂಗಳು ಬಿಟ್ರೆ ಕೈ ಮರೆತಿರುತ್ತೆ.

ಲೈಫ್ ಜಾಕೆಟ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಅದೇ ಅಮೆರಿಕದ ಕೋಸ್ಟ್ ಗಾರ್ಡ್ ಲೆಕ್ಕದಲ್ಲಿ ಮುಳುಗಿ ಸತ್ತವರ ಪೈಕಿ, ಜಾಕೆಟ್ ಹಾಕಿದ್ರಾ ಇಲ್ವಾ ಅಂತ ಗೊತ್ತಾಗಿರೋರಲ್ಲಿ 80%ಗಿಂತ ಜಾಸ್ತಿ ಜನ ಹಾಕಿರಲಿಲ್ಲ. ಜಾಕೆಟ್ ಮೇಲೆ 50 ನ್ಯೂಟನ್, 100 ನ್ಯೂಟನ್ ಅಂತ ಬರೆದಿರುತ್ತೆ, ಅದು ಜಾಕೆಟ್ ತೇಲಿಸೋ ಬಲದ ಅಳತೆ. 50ರದ್ದು ಈಜು ಬರೋರಿಗೆ, ಹತ್ರದಲ್ಲೇ ಸಹಾಯ ಇರೋ ಕಡೆಗೆ. ಗೆಸ್ಟ್‌ಗಳಿಗೆ 100ರದ್ದು ತಗೊಳಿ, ಅದು ಮುಖ ಮೇಲೆ ಇರೋ ಹಂಗೆ ತೇಲಿಸೋ ಥರ ಮಾಡಿರೋದು. ಮಕ್ಕಳಿಗೆ ದೊಡ್ಡವರ ಜಾಕೆಟ್ ಬಿಗಿದು ಕಟ್ಟೋದು ಮಾಡ್ಬೇಡಿ, ನೀರಿಗೆ ಬಿದ್ರೆ ಮಗು ಕೆಳಗೆ ಜಾರುತ್ತೆ, ಜಾಕೆಟ್ ಮೇಲೆ ಉಳಿಯುತ್ತೆ. ಮಕ್ಕಳ ಸೈಜಿಂದು, ಕಾಲ ಮಧ್ಯೆ ಪಟ್ಟಿ ಇರೋದನ್ನೇ ಬೇರೆ ತಗೊಳಿ. ಹಾಕಿದ ಮೇಲೆ ಭುಜದ ಹತ್ರ ಹಿಡಿದು ಮೇಲಕ್ಕೆ ಎಳೆದು ನೋಡಿ, ಜಾಕೆಟ್ ಗಲ್ಲ ಕಿವಿ ದಾಟಿ ಮೇಲೆ ಬಂದ್ರೆ ಅದು ಅವರಿಗೆ ಆಗಲ್ಲ, ಬೇರೆ ಸೈಜು ಕೊಡಿ. ಬೇರೆ ಸೈಜ್ ಇಲ್ಲಾಂದ್ರೆ ಆ ಗೆಸ್ಟ್‌ನ ಅವತ್ತು ದಡದಲ್ಲೇ ಕೂರಿಸಿ ಕಾಫಿ ಕೊಡಿ.